ಮಂಜುಗಡ್ಡೆ ಹೊರಗೆ, ನೀರಿನ ಬರ ಒಳಗೆ

ಚಳಿ ಬಿದ್ದಾಗ ಸಸ್ಯಕೋಶದಲ್ಲಿ ಸಕ್ಕರೆ ಜಾಸ್ತಿಯಾಗುತ್ತದೆ, ಹಾಗಾಗಿ ಒಳಗಿನ ನೀರು ಹೆಪ್ಪುಗಟ್ಟುವುದಿಲ್ಲ. ನನ್ನ ಹಳೆಯ ನೋಟ್ಸಿನಲ್ಲಿ ಇದ್ದದ್ದು ಇಷ್ಟೇ. ಲೆಕ್ಕ ಹಾಕಿದರೆ ಇದು ಯಾವ ಮೂಲೆಗೂ ಸಾಲದು. ಒಂದು ಕಿಲೋ ನೀರಿಗೆ ಒಂದು ಮೋಲ್, ಅಂದರೆ ಸುಮಾರು 342 ಗ್ರಾಂ ಸಕ್ಕರೆ ಕರಗಿಸಿದರೂ ಹೆಪ್ಪುಗಟ್ಟುವ ತಾಪಮಾನ ಇಳಿಯುವುದು ಹೆಚ್ಚುಕಡಿಮೆ 1.86 ಡಿಗ್ರಿ ಸೆಲ್ಸಿಯಸ್. ಚಳಿಗೆ ಒಗ್ಗಿದ ರೈ (ಗೋಧಿಯಂಥ ಒಂದು ಧಾನ್ಯ) ಗಿಡವೋ −20 ಡಿಗ್ರಿಯಲ್ಲೂ ಬದುಕುತ್ತದೆ!

ಮಂಜುಗಡ್ಡೆ ಎಲ್ಲಿ ಹುಟ್ಟುತ್ತದೆ ಅನ್ನುವುದನ್ನು ಮೊದಲು ನೋಡಿ. ಕೋಶಗಳ ನಡುವಿನ ಸಂದುಗಳಲ್ಲಿ. ಅಲ್ಲಿನ ನೀರಿನಲ್ಲಿ ಕರಗಿದ ಪದಾರ್ಥ ಕಡಿಮೆ, ಬೇಗ ಗಟ್ಟಿಯಾಗುತ್ತದೆ. ಆಮೇಲೆ ಆ ಗಡ್ಡೆ ಕೋಶದೊಳಗಿನ ನೀರನ್ನು ಎಳೆಯಲು ಶುರುಮಾಡುತ್ತದೆ. ನೀರು ಯಾವ ಕಡೆ ಹರಿಯುತ್ತದೆ ಅನ್ನುವುದನ್ನು ಹೇಳುವ ಅಳತೆ ಜಲವಿಭವ; ಅದು ಕಡಿಮೆ ಇರುವ ಕಡೆಗೆ ನೀರು ಹೋಗುತ್ತದೆ. −10 ಡಿಗ್ರಿಯಲ್ಲಿ ಮಂಜುಗಡ್ಡೆಯ ಜಲವಿಭವ ಸುಮಾರು −12 ಮೆಗಾಪ್ಯಾಸ್ಕಲ್ (ಒತ್ತಡದ ಮಾನ). ಕೋಶದ್ದು ಸಾಮಾನ್ಯವಾಗಿ −1, −2ರ ಆಸುಪಾಸು. ನೀರು ಯಾವ ಕಡೆ ಹೋಗುತ್ತದೆ ಅಂತ ಬೇರೆ ಹೇಳಬೇಕಿಲ್ಲ ಅಲ್ವಾ? ಕೋಶ ಒಣದ್ರಾಕ್ಷಿಯ ಹಾಗೆ ಮುದುಡುತ್ತದೆ. ಉಳಿದ ರಸ ಎಷ್ಟು ಮಂದವಾಗುತ್ತದೆಂದರೆ, ಆ ಚಳಿಗೆ ಅದು ಹೆಪ್ಪುಗಟ್ಟುವುದೇ ಇಲ್ಲ.

ಸಕ್ಕರೆಯ ನಿಜವಾದ ಕೆಲಸ ಇಲ್ಲಿದೆ. ಕರಗಿದ ಪದಾರ್ಥ ಮೊದಲೇ ಎರಡರಷ್ಟಿದ್ದರೆ, ಅದೇ ತಾಪಮಾನದಲ್ಲಿ ಒಳಗೆ ಉಳಿಯುವ ನೀರೂ ಸುಮಾರು ಎರಡರಷ್ಟು. ಮುದುಡುವುದು ಅಷ್ಟು ಕಡಿಮೆ.

ಇನ್ನು ಕೋಶಪೊರೆ. ನನಗೆ ತುಂಬ ಹಿಡಿಸಿದ ಭಾಗ ಇದು. ಕೋಶ ಕುಗ್ಗಿದಾಗ ಪೊರೆ ಬೇಕಾದ್ದಕ್ಕಿಂತ ಹೆಚ್ಚಾಗಿ ಮಿಕ್ಕುತ್ತದೆ. ರೈ ಎಲೆಯ ಕೋಶಭಿತ್ತಿ ಕಳಚಿ, ಬರೀ ಪ್ರೋಟೋಪ್ಲಾಸ್ಟನ್ನು ಸೂಕ್ಷ್ಮದರ್ಶಕದಲ್ಲಿಟ್ಟು ನೋಡಿದ್ದಾರೆ. ಚಳಿಗೆ ಒಗ್ಗದ ಕೋಶದಲ್ಲಿ ಹೆಚ್ಚಿನ ಪೊರೆ ಸಣ್ಣ ಗುಳ್ಳೆಗಳಾಗಿ ಕಳಚಿಕೊಂಡು ಒಳಗೆ ಹೋಗಿಬಿಡುತ್ತದೆ. ಗಡ್ಡೆ ಕರಗಿ ನೀರು ವಾಪಸು ಬಂದಾಗ ಹಿಗ್ಗಲು ಪೊರೆ ಸಾಲುವುದಿಲ್ಲ, ಕೋಶ ಒಡೆಯುತ್ತದೆ. ಗಮನಿಸಿ, ಸಾವು ಬರುವುದು ಬೆಚ್ಚಗಾಗುವಾಗ. ಒಗ್ಗಿದ ಕೋಶದಲ್ಲಿ ಅದೇ ಪೊರೆ ಹೊರಮುಖವಾಗಿ ಮಡಿಕೆಯಾಗಿ ಅಂಟಿಕೊಂಡೇ ಇರುತ್ತದೆ. ನೀರು ಬಂದ ಕೂಡಲೇ ಮಡಿಕೆ ಬಿಚ್ಚಿಕೊಳ್ಳುತ್ತದೆ. ಪೊರೆಯ ಕೊಬ್ಬಿನ ಬಗೆ ಬದಲಾಗಿರುವುದೇ ಇದಕ್ಕೆ ಮುಖ್ಯ ಕಾರಣ.

ಕೆಲವು ಗಿಡಗಳಲ್ಲಿ ಹಿಮನಿರೋಧಕ ಪ್ರೋಟೀನ್ ಇರುತ್ತದೆ. ಹೆಸರು ನೋಡಿ ಮೋಸಹೋಗಬೇಡಿ. ಗಡ್ಡೆ ಕಟ್ಟುವುದನ್ನು ಅದು ಅಷ್ಟಾಗಿ ತಡೆಯುವುದಿಲ್ಲ, ಹರಳುಗಳು ದೊಡ್ಡದಾಗದ ಹಾಗೆ ನೋಡಿಕೊಳ್ಳುತ್ತದೆ.

ಇದೆಲ್ಲ ನಡೆಯಬೇಕಾದರೆ ಚಳಿ ನಿಧಾನವಾಗಿ ಏರಬೇಕು. ತಾಪಮಾನ ಧಡಕ್ಕನೆ ಕುಸಿದರೆ ನೀರಿಗೆ ಹೊರಬರಲು ಸಮಯ ಸಿಗದೆ ಗಡ್ಡೆ ಕೋಶದೊಳಗೇ ಕಟ್ಟುತ್ತದೆ. ಹಾಗಾದ ಕೋಶ ಸಾಮಾನ್ಯವಾಗಿ ಉಳಿಯುವುದಿಲ್ಲ.