1902ರ ಟ್ಯೂನು 1974ರಲ್ಲಿ ಹಿಟ್ ಆದದ್ದು ಹೇಗೆ?

ಓದುಗರ ಪ್ರಶ್ನೆ: ‘ದಿ ಎಂಟರ್‌ಟೈನರ್’ ಅನ್ನೋ ಪಿಯಾನೊ ಟ್ಯೂನು ‘ದಿ ಸ್ಟಿಂಗ್’ ಸಿನಿಮಾಕ್ಕೆಂದೇ ಮಾಡಿದ್ದಾ? ಅಷ್ಟು ಹಳೇ ಧಾಟಿಯ ಸಂಗೀತ ಪಾಪ್ ಹಿಟ್ ಆದದ್ದು ಹೇಗೆ?

ಉತ್ತರ: ಸಿನಿಮಾಕ್ಕೆ ಮಾಡಿದ್ದಲ್ಲ. ಅದು ರ‍್ಯಾಗ್‌ಟೈಮ್ ಅನ್ನೋ ಹಳೇ ಧಾಟಿಯ ಪಿಯಾನೊ ಸಂಗೀತ. ಅಮೆರಿಕದ ಕಪ್ಪು ಸಂಗೀತಗಾರ ಸ್ಕಾಟ್ ಜೋಪ್ಲಿನ್ 1902ರಲ್ಲೇ ಅದನ್ನು ಅಚ್ಚು ಹಾಕಿಸಿದ್ದರು. ಸಿನಿಮಾ ಬಂದದ್ದು 1973ರ ಕೊನೆಗೆ. ಅಷ್ಟರಲ್ಲಿ ಜೋಪ್ಲಿನ್ ತೀರಿಕೊಂಡು 56 ವರ್ಷವಾಗಿತ್ತು.

ರ‍್ಯಾಗ್‌ಟೈಮ್‌ನ ಮಜಾ ಇರುವುದು ಎರಡು ಕೈಗಳ ಜಗಳದಲ್ಲಿ. ಎಡಗೈ ತಾಳ ಬಿಡುವುದಿಲ್ಲ: ಕೆಳಗೊಂದು ದಪ್ಪ ಸ್ವರ, ಮೇಲೊಂದು ಕಾರ್ಡ್ (ಒಟ್ಟಿಗೇ ಒತ್ತುವ ಕೆಲವು ಸ್ವರ), ಮತ್ತೆ ಕೆಳಗೆ, ಮತ್ತೆ ಮೇಲೆ. ಬಲಗೈ ಮಾತ್ರ ಒತ್ತು ಕೊಡುವುದು ಆ ಪೆಟ್ಟುಗಳ ನಡುವಿನ ಸಂದಿಯಲ್ಲಿ. ಕೇಳುವವರ ಕಾಲು ತಾನಾಗಿ ಕುಣಿಯುವುದು ಅದಕ್ಕೇ.

ಜಾಜ್ ಬಂದ ಮೇಲೆ ಇದು ಹಿಂದೆ ಸರಿಯಿತು. 1950ರ ದಶಕದಲ್ಲಿ ವಾಪಸ್ ಬಂತು, ಆದರೆ ತಮಾಷೆಯ ವೇಷದಲ್ಲಿ. ಟ್ರಿನಿಡಾಡ್‌ನಲ್ಲಿ ಹುಟ್ಟಿದ ವಿನಿಫ್ರೆಡ್ ಆಟ್‌ವೆಲ್ ಇಂಗ್ಲೆಂಡಿನಲ್ಲಿ ಶ್ರುತಿ ಕೆಟ್ಟ ಹಳೇ ಪಿಯಾನೊ ಒಂದರಲ್ಲಿ ಇಂಥವನ್ನು ನುಡಿಸಿ ಜನರನ್ನು ಹುಚ್ಚೆಬ್ಬಿಸಿದರು. ಅದು ಲಂಡನ್ನಿನ ಬ್ಯಾಟರ್‌ಸೀಯ ಗುಜರಿ ಅಂಗಡಿಯಲ್ಲಿ ಸಿಕ್ಕಿದ್ದು! 1954ರಲ್ಲಿ ಅವರ ಪಾರ್ಟಿ ಟ್ಯೂನುಗಳ ರೆಕಾರ್ಡು ಬ್ರಿಟನ್ ಚಾರ್ಟ್‌ನಲ್ಲಿ ಒಂದನೇ ಸ್ಥಾನಕ್ಕೇರಿತು.

ಇದಕ್ಕೆಲ್ಲ ಜೋಪ್ಲಿನ್ ಏನನ್ನುತ್ತಿದ್ದರೋ. ರ‍್ಯಾಗ್‌ಟೈಮನ್ನು ಜೋರಾಗಿ ಓಡಿಸಬೇಡಿ ಅಂತ ಅವರೇ ತಮ್ಮ ಸ್ವರಪತ್ರಗಳಲ್ಲಿ ಬರೆದಿದ್ದರು. ಆ ಮಾತಿಗೆ ಬೆಲೆ ಬಂದದ್ದು 1970ರಲ್ಲಿ. ಪಿಯಾನೊ ವಾದಕ ಜೋಶುವಾ ರಿಫ್ಕಿನ್ ನಿಧಾನವಾಗಿ, ಶಾಸ್ತ್ರೀಯ ಕೃತಿಗಳನ್ನು ನುಡಿಸುವ ಗಾಂಭೀರ್ಯದಲ್ಲೇ ಜೋಪ್ಲಿನ್ ರ‍್ಯಾಗ್‌ಗಳನ್ನು ರೆಕಾರ್ಡ್ ಮಾಡಿದರು. ಅದು ಚೆನ್ನಾಗಿ ಮಾರಾಟವಾಯಿತು. ಹಾಗಾಗಿ ಹೆಸರೆಲ್ಲ ಸಿನಿಮಾಕ್ಕೇ ಹೋದರೂ, ನೆಲ ಹದ ಮಾಡಿದ್ದು ಈ ರೆಕಾರ್ಡು ಅಂತಲೇ ನನ್ನ ಲೆಕ್ಕ.

ಸಿನಿಮಾಕ್ಕಾಗಿ ಆ ಟ್ಯೂನುಗಳನ್ನು ಹೊಂದಿಸಿಕೊಟ್ಟದ್ದು ಮಾರ್ವಿನ್ ಹ್ಯಾಮ್ಲಿಷ್. ಅದಕ್ಕೆ ಆಸ್ಕರ್ ಕೂಡ ಬಂತು. ಕತೆ ನಡೆಯುವುದು 1936ರಲ್ಲಿ, ಆಗ ರ‍್ಯಾಗ್‌ಟೈಮ್ ಹಳಸಲು! ಆದರೆ ಕಾಲದ ಈ ಎಡವಟ್ಟಿಗೆ ಪ್ರೇಕ್ಷಕರು ಕ್ಯಾರೇ ಅನ್ನಲಿಲ್ಲ. 1974ರಲ್ಲಿ ‘ದಿ ಎಂಟರ್‌ಟೈನರ್’ ಅಮೆರಿಕದ ಪಾಪ್ ಚಾರ್ಟ್ ಬಿಲ್‌ಬೋರ್ಡ್ ಹಾಟ್ 100ರಲ್ಲಿ 3ನೇ ಸ್ಥಾನ ಮುಟ್ಟಿತು. ಹಾಡಿನ ಸಾಹಿತ್ಯವೇ ಇಲ್ಲದ ಟ್ಯೂನಿಗೆ ಅದೇನು ಕಮ್ಮಿಯಾ? 1976ರಲ್ಲಿ ಜೋಪ್ಲಿನ್‌ಗೆ ಮರಣೋತ್ತರವಾಗಿ ಪುಲಿಟ್ಜರ್ ವಿಶೇಷ ಗೌರವವೂ ಸಿಕ್ಕಿತು.

ಕೇಳುವುದಾದರೆ ಆಟ್‌ವೆಲ್ ಮೊದಲು, ರಿಫ್ಕಿನ್ ಆಮೇಲೆ. ಎಡಗೈ ಮೇಲೆ ಗಮನ ಇಡಿ, ವ್ಯತ್ಯಾಸ ಬೇಗ ಹಿಡಿಯುತ್ತದೆ.