ಸಮುದಾಯ ಸೇವೆಯ ಕೋರ್ಸು: ಕೇಸ್ ನೋಟ್ ಬರೆಯಲು ಬಂದರೆ ಅರ್ಧ ದಾರಿ ಮುಗಿದಂತೆ

ಸಮುದಾಯ ಸೇವೆ ಮತ್ತು ಕಲ್ಯಾಣ ಕಾರ್ಯದ ಸರ್ಟಿಫಿಕೇಟ್ ಅಥವಾ ಡಿಪ್ಲೊಮಾಗೆ ಸೇರುವವರಲ್ಲಿ ಹೆಚ್ಚಿನವರು ನಾಲ್ಕು ಜನರಿಗೆ ನೆರವಾಗಬೇಕು ಎಂಬ ಆಸೆಯಿಂದಲೇ ಬಂದಿರುತ್ತಾರೆ. ಆಸೆ ಒಳ್ಳೆಯದೇ, ಆದರೆ ಅದಕ್ಕೆ ಯಾರೂ ಅಂಕ ಕೊಡುವುದಿಲ್ಲ. ಎದುರಿಗೆ ಕೂತವರು ಏನು ಹೇಳಿದರು, ನೀವೇನು ಮಾಡಿದಿರಿ, ಯಾರ ಒಪ್ಪಿಗೆ ಪಡೆದು ಮಾಡಿದಿರಿ, ಮುಂದಿನ ಹೆಜ್ಜೆ ಯಾರದು? ಇದಿಷ್ಟನ್ನೂ ಮೂರನೆಯವರೊಬ್ಬರು ಓದಿ ಕೆಲಸ ಮುಂದುವರಿಸುವಂತೆ ಬರೆದಿಡಲು, ಅಂದರೆ ಕೇಸ್ ನೋಟ್ ಮಾಡಲು, ಬರುತ್ತದೆಯೇ ಎಂಬುದನ್ನು ಕೋರ್ಸು ಮತ್ತೆ ಮತ್ತೆ ಪರೀಕ್ಷಿಸುತ್ತದೆ. ಅರ್ಧಕ್ಕೆ ಬಿಡುವವರು, ವರ್ಷ ಎಳೆಯುವವರು ಸಾಮಾನ್ಯವಾಗಿ ಎಡವುವುದು ಇಲ್ಲೇ.

ಇಂಥ ಕೋರ್ಸುಗಳಲ್ಲಿ ಹೆಚ್ಚಿನವು ಸಾಮರ್ಥ್ಯ ಆಧಾರಿತ. ನೂರಕ್ಕೆ ಇಷ್ಟು ಎಂಬ ಲೆಕ್ಕವಿಲ್ಲ. ಒಂದೊಂದು ಘಟಕಕ್ಕೂ ಎರಡೇ ಫಲಿತಾಂಶ: ಸಮರ್ಥರು, ಅಥವಾ ಇನ್ನೂ ಸಮರ್ಥರಲ್ಲ. ಹತ್ತರಲ್ಲಿ ಒಂಬತ್ತು ಅಂಶ ಸೊಗಸಾಗಿ ಮಾಡಿ ಒಂದನ್ನು ಬಿಟ್ಟರೂ ಘಟಕ ಮುಗಿಯುವುದಿಲ್ಲ. ನೀವು ಕೊಡುವ ಪುರಾವೆಯಲ್ಲಿ ಮೌಲ್ಯಮಾಪಕರು ನೋಡುವುದು ನಾಲ್ಕು ಸಂಗತಿ: ಕೇಳಿದ್ದಕ್ಕೆ ಸಂಬಂಧಪಟ್ಟಿದೆಯೇ, ಸಾಕಷ್ಟಿದೆಯೇ, ನಿಮ್ಮದೇ ಕೆಲಸವೇ, ಇತ್ತೀಚಿನದೇ. ಮೂವರು ಬೇರೆ ಬೇರೆ ಕ್ಲೈಂಟ್‌ಗಳೊಂದಿಗೆ (ನೆರವು ಪಡೆಯಲು ಬಂದವರೊಂದಿಗೆ) ಕೆಲಸ ಮಾಡಿ ತೋರಿಸಿ ಎಂದಿದ್ದರೆ, ಒಬ್ಬರ ಬಗ್ಗೆಯೇ ಇಪ್ಪತ್ತು ಪುಟ ಬರೆದರೂ ಅದು ‘ಸಾಕಷ್ಟಿಲ್ಲ’ದ ಖಾತೆಗೆ ಹೋಗುತ್ತದೆ. ಹಾಗಾಗಿ ಪಠ್ಯ ತೆರೆಯುವ ಮೊದಲು ಆಯಾ ಘಟಕದ ಮೌಲ್ಯಮಾಪನದ ಹಾಳೆ ತೆರೆಯಿರಿ. ಎಡಗಡೆ ಅವರು ಕೇಳಿದ ಒಂದೊಂದು ಅಂಶ, ಬಲಗಡೆ ಅದಕ್ಕೆ ನಿಮ್ಮ ಪುರಾವೆ ಎಲ್ಲಿದೆ ಎಂದು ಎರಡು ಅಂಕಣದ ಪಟ್ಟಿ ಮಾಡಿಕೊಳ್ಳಿ. ಬಲಗಡೆ ಖಾಲಿ ಉಳಿದದ್ದೇ ನಿಮ್ಮ ಮುಂದಿನ ಕೆಲಸ. ಕ್ರಿಯಾಪದಗಳ ಮೇಲೂ ಕಣ್ಣಿರಲಿ. ‘ಹೆಸರಿಸಿ’ ಎಂದಲ್ಲಿ ಒಂದು ಸಾಲು ಸಾಕು. ‘ಮಾಡಿ ತೋರಿಸಿ’ ಎಂದಲ್ಲಿ ಎಷ್ಟು ಬರೆದರೂ ಸಾಲದು, ಯಾರಾದರೂ ನೋಡಿ ಸಹಿ ಹಾಕಬೇಕು.

ಸಿದ್ಧಾಂತದ ಭಾಗ ಅಷ್ಟೇನೂ ಕಷ್ಟವಲ್ಲ. 1957ರಲ್ಲಿ ಸಮಾಜಕಾರ್ಯದ ಪ್ರಾಧ್ಯಾಪಕ ಫೆಲಿಕ್ಸ್ ಬೀಸ್ಟೆಕ್ ಪಟ್ಟಿ ಮಾಡಿದ ಏಳು ತತ್ತ್ವಗಳಲ್ಲಿ ತನ್ನ ಬದುಕಿನ ನಿರ್ಧಾರ ತಾನೇ ಮಾಡುವ ಹಕ್ಕು, ಗೋಪ್ಯತೆ, ತೀರ್ಪು ಕೊಡದ ಮನೋಭಾವ ಈ ಮೂರು ಎಲ್ಲ ಘಟಕಗಳಲ್ಲೂ ತಲೆಹಾಕುತ್ತವೆ. ಅವನ್ನು ಬಾಯಿಪಾಠ ಮಾಡಿ ಪ್ರಯೋಜನವಿಲ್ಲ. ಕೊಟ್ಟ ಪ್ರಕರಣದಲ್ಲಿ ಎರಡು ತತ್ತ್ವಗಳು ಎಲ್ಲಿ ಒಂದಕ್ಕೊಂದು ಡಿಕ್ಕಿ ಹೊಡೆಯುತ್ತವೆ ಎಂದು ಹುಡುಕುವುದನ್ನು ಕಲಿಯಿರಿ. ಪ್ರಶ್ನೆ ತೆಗೆಯುವವರು ಸಾಮಾನ್ಯವಾಗಿ ಅಲ್ಲಿಂದಲೇ ತೆಗೆಯುತ್ತಾರೆ.

ಆನ್ ಹಾರ್ಟ್‌ಮನ್ 1975ರಲ್ಲಿ ರೂಪಿಸಿದ ಇಕೋಮ್ಯಾಪ್, ಅಂದರೆ ಮನೆಮಂದಿಗೆ ಹೊರಗಿನವರೊಂದಿಗಿರುವ ಸಂಬಂಧಗಳ ನಕ್ಷೆ, ಮಾತ್ರ ಕೈಯಾರೆ ಅಭ್ಯಾಸ ಮಾಡಬೇಕಾದದ್ದು. ಹಾಳೆಯ ನಡುವೆ ಮನೆಮಂದಿಯ ದೊಡ್ಡ ವೃತ್ತ, ಸುತ್ತಲೂ ಶಾಲೆ, ಆಸ್ಪತ್ರೆ, ಕೆಲಸ, ನೆಂಟರು, ಗೆಳೆಯರು, ನೆರವಿನ ಸಂಸ್ಥೆಗಳ ಚಿಕ್ಕ ವೃತ್ತಗಳು. ಗಟ್ಟಿ ಸಂಬಂಧಕ್ಕೆ ದಪ್ಪ ಗೆರೆ, ದುರ್ಬಲವಾದದ್ದಕ್ಕೆ ಚುಕ್ಕಿ ಗೆರೆ, ಒತ್ತಡದ್ದಕ್ಕೆ ಅಡ್ಡಗೀಟು ಹಾಕಿದ ಗೆರೆ. ನೆರವು ಯಾವ ಕಡೆಯಿಂದ ಯಾವ ಕಡೆಗೆ ಹರಿಯುತ್ತಿದೆ ಎಂದು ಬಾಣದಿಂದ ತೋರಿಸುತ್ತಾರೆ. ವಿದ್ಯಾರ್ಥಿಗಳು ಮಾಡುವ ತಪ್ಪೆಂದರೆ ಹಳೇ ಕಡತ ನೋಡಿಕೊಂಡು ಒಬ್ಬರೇ ಕೂತು ಚೆಂದದ ಚಿತ್ರ ಬಿಡಿಸುವುದು. ಪೆನ್ನು ಕ್ಲೈಂಟ್ ಕೈಯಲ್ಲಿರಬೇಕು. “ಅಣ್ಣನ ಮನೆಗೆ ಯಾವ ಗೆರೆ ಹಾಕಲಿ?” ಎಂದು ಅವರು ತಡೆದು ಯೋಚಿಸುವ ಆ ಅರ್ಧ ನಿಮಿಷದಲ್ಲಿ ಸಿಗುವ ಮಾಹಿತಿ ಹತ್ತು ಪ್ರಶ್ನೆ ಕೇಳಿದರೂ ಸಿಗುವುದಿಲ್ಲ.

ಕ್ಲೈಂಟ್ ಜೊತೆಗಿನ ಅಣಕು ಭೇಟಿಯಾದ ರೋಲ್ ಪ್ಲೇ ಎಂದರೆ ನಾಟಕದ ಭಯ ಹಲವರಿಗೆ. ಮೌಲ್ಯಮಾಪಕರಿಗೆ ನಿಮ್ಮ ನಟನೆ ಬೇಡ, ಅವರ ಕೈಯಲ್ಲಿರುವ ಪಟ್ಟಿಗೆ ಟಿಕ್ ಬೀಳಬೇಕು. ಹೆಚ್ಚು ಜನ ಮರೆಯುವ ಟಿಕ್ ಮೊದಲ ಎರಡು ನಿಮಿಷದಲ್ಲೇ ಬರುತ್ತದೆ: ಗೋಪ್ಯತೆಗೆ ಎಲ್ಲೆಲ್ಲಿ ಮಿತಿ ಇದೆ ಎಂದು ಮಾತು ಶುರುವಾಗುವ ಮೊದಲೇ ಹೇಳುವುದು. “ನೀವು ಹೇಳಿದ್ದು ನಮ್ಮ ತಂಡದೊಳಗೆ ಇರುತ್ತದೆ. ನಿಮಗೋ ಬೇರೆಯವರಿಗೋ ಗಂಭೀರ ಅಪಾಯವಿದ್ದರೆ, ಮಗುವಿನ ಮೇಲೆ ದೌರ್ಜನ್ಯ ನಡೆಯುತ್ತಿದ್ದರೆ, ಕೋರ್ಟು ಕೇಳಿದರೆ ಮಾತ್ರ ಹೊರಗೆ ತಿಳಿಸಬೇಕಾಗಬಹುದು. ಹಾಗಾದರೆ ಆದಷ್ಟು ನಿಮಗೇ ಮೊದಲು ಹೇಳುತ್ತೇನೆ.” ಇಷ್ಟು ಸಾಕು. ಎಲ್ಲ ಕೇಳಿಸಿಕೊಂಡ ಮೇಲೆ “ಇದನ್ನು ನಾನು ತಿಳಿಸಲೇಬೇಕು” ಎಂದರೆ ಎದುರಿನವರಿಗೆ ಮೋಸ ಹೋದ ಭಾವನೆ ಬರುತ್ತದೆ, ಮತ್ತೆ ಅವರು ಬಾಯಿ ಬಿಡುವುದಿಲ್ಲ. ಎರಡನೆಯ ತಪ್ಪು, ಸಮಸ್ಯೆ ಪೂರ್ತಿ ಕೇಳುವ ಮೊದಲೇ ಪರಿಹಾರ ಹೇಳುವುದು. ಮೂರನೆಯದು ‘ಯಾಕೆ’. “ಯಾಕೆ ಕೆಲಸ ಬಿಟ್ಟಿರಿ?” ಎಂದರೆ ವಿಚಾರಣೆಯಂತೆ ಕೇಳುತ್ತದೆ, “ಕೆಲಸ ಬಿಡುವ ಹೊತ್ತಿಗೆ ಏನೇನಾಗಿತ್ತು?” ಎಂದರೆ ಅದೇ ಮಾಹಿತಿ ಸಲೀಸಾಗಿ ಬರುತ್ತದೆ.

ಆತ್ಮಹತ್ಯೆಯ ಯೋಚನೆಯ ಬಗ್ಗೆ ನೇರವಾಗಿ ಕೇಳಲು ಹೊಸಬರು ಹಿಂಜರಿಯುತ್ತಾರೆ. ಕೇಳಿದರೆ ಇಲ್ಲದ ಯೋಚನೆ ಹುಟ್ಟಿಸಿದಂತಾಗುತ್ತದೆ ಎಂಬ ಭಯಕ್ಕೆ ಆಧಾರವಿಲ್ಲ. “ಜೀವ ಕಳೆದುಕೊಳ್ಳುವ ಯೋಚನೆ ಬಂದಿದೆಯೇ?” ಎಂದು ಸ್ಪಷ್ಟ ಪದಗಳಲ್ಲೇ ಕೇಳಬೇಕು. ಹೌದು ಎಂದರೆ ಅವರನ್ನು ಒಂಟಿಯಾಗಿ ಬಿಡದೆ ಆ ಕ್ಷಣವೇ ಮೇಲ್ವಿಚಾರಕರನ್ನು ಕರೆಯಬೇಕು. ಅಪಾಯ ಎಷ್ಟಿದೆ ಎಂದು ಅಳೆಯುವುದು ವಿದ್ಯಾರ್ಥಿಯೊಬ್ಬರೇ ಹೊರುವ ಹೊಣೆಯಲ್ಲ, ಮತ್ತು ಆ ಗೆರೆ ಗೊತ್ತಿದೆ ಎಂದು ತೋರಿಸುವುದೂ ಪರೀಕ್ಷೆಯ ಭಾಗವೇ.

ಇನ್ನು ಕೇಸ್ ನೋಟ್. ವಿದ್ಯಾರ್ಥಿಗಳು ಬರೆಯುವ ಮಾದರಿ ಇದು: “ಮಹಿಳೆ ಕುಡಿದಂತಿದ್ದರು, ಸಹಕರಿಸಲಿಲ್ಲ.” ಇದರಲ್ಲಿ ನೋಡಿದ್ದು ಒಂದೂ ಇಲ್ಲ, ಎರಡೂ ತೀರ್ಮಾನಗಳೇ. ಹೀಗೆ ಬರೆಯಬೇಕಿತ್ತು: “ಮಾತು ತೊದಲುತ್ತಿತ್ತು. ಏಳುವಾಗ ಕುರ್ಚಿ ಹಿಡಿದುಕೊಂಡರು. ಕೇಳಿದ ಐದು ಪ್ರಶ್ನೆಗಳಲ್ಲಿ ಎರಡಕ್ಕೆ ಉತ್ತರಿಸಿದರು. ‘ಎರಡು ರಾತ್ರಿಯಿಂದ ನಿದ್ದೆ ಇಲ್ಲ’ ಎಂದರು.” ತೊದಲು ಮಾತು ಮದ್ಯದಿಂದಲೇ ಬರಬೇಕೆಂದಿಲ್ಲ. ರಕ್ತದಲ್ಲಿ ಸಕ್ಕರೆ ಇಳಿದಾಗ, ಪಾರ್ಶ್ವವಾಯುವಿನ ಆರಂಭದಲ್ಲಿ, ಕೆಲವು ಮಾತ್ರೆಗಳಿಂದಲೂ ಬರುತ್ತದೆ. ‘ಕುಡಿದಂತಿದ್ದರು’ ಎಂಬ ಒಂದು ಪದ ಕಡತದಲ್ಲಿ ಕೂತರೆ ಮುಂದೆ ಓದುವವರೆಲ್ಲ ಅದೇ ಕನ್ನಡಕದಿಂದ ಅವರನ್ನು ನೋಡುತ್ತಾರೆ. ತುರ್ತು ಚಿಕಿತ್ಸೆ ಬೇಕಿದ್ದವರು ಕಾಯುತ್ತಾ ಕೂರುವಂತಾಗುವುದು ಹೀಗೆಯೇ.

1960ರ ದಶಕದಲ್ಲಿ ವೈದ್ಯ ಲಾರೆನ್ಸ್ ವೀಡ್ ವೈದ್ಯಕೀಯ ದಾಖಲೆಗಳಿಗಾಗಿ ತಂದ, ನಾಲ್ಕು ಇಂಗ್ಲಿಷ್ ಪದಗಳ ಮೊದಲಕ್ಷರ ಸೇರಿಸಿದ ಸೋಪ್ (SOAP) ವಿಧಾನ ಇಲ್ಲೂ ಚೆನ್ನಾಗಿ ಒಗ್ಗುತ್ತದೆ: ಅವರು ಹೇಳಿದ್ದು, ನೀವು ಕಂಡದ್ದು, ನಿಮ್ಮ ಅಂದಾಜು, ಮುಂದಿನ ಯೋಜನೆ. ಅಭಿಪ್ರಾಯವನ್ನು ಬರೆಯಲೇಬಾರದೆಂದಲ್ಲ, ಅದು ಮೂರನೆಯ ಭಾಗದಲ್ಲಿ, ಯಾವುದರ ಮೇಲೆ ಹಾಗನ್ನಿಸಿತು ಎಂಬ ಕಾರಣದೊಂದಿಗೆ ಇರಬೇಕು. ದಿನಾಂಕ, ಶುರುವಾದ ಮತ್ತು ಮುಗಿದ ಸಮಯ, ಸ್ಥಳ, ಯಾರ್ಯಾರಿದ್ದರು ಎಂಬುದು ಮೊದಲ ಸಾಲಿನಲ್ಲೇ ಬರಲಿ. ಅದೇ ದಿನ ಬರೆಯಿರಿ; ಮರುದಿನಕ್ಕೆ ಅವರ ಮಾತು ನಿಮ್ಮ ಮಾತಾಗಿ ಬದಲಾಗಿರುತ್ತದೆ. ಅರ್ಧ ಗಂಟೆಯ ಭೇಟಿಗೆ ಸಾಮಾನ್ಯವಾಗಿ ಅರ್ಧ ಪುಟ ಸಾಕು, ಮೂರು ಪುಟದ ನೋಟನ್ನು ಯಾರೂ ಓದುವುದಿಲ್ಲ. ಕೈಬರಹದಲ್ಲಿ ತಪ್ಪಾದರೆ ಓದಲು ಬರುವಂತೆ ಒಂದೇ ಗೆರೆ ಹೊಡೆದು ಪಕ್ಕದಲ್ಲಿ ಕಿರುಸಹಿ, ದಿನಾಂಕ ಹಾಕಿ. ಬಿಳಿ ಶಾಯಿ ಬಳಿದರೆ ಏನನ್ನೋ ಮುಚ್ಚಿದಂತೆ ಕಾಣುತ್ತದೆ. ಬರೆದು ಮುಗಿಸಿದ ಮೇಲೆ ಅದನ್ನು ಕ್ಲೈಂಟ್ ಎದುರಿಗೇ ಗಟ್ಟಿಯಾಗಿ ಓದಲು ಮುಜುಗರವಾಗುತ್ತದೆಯೇ ಎಂದು ನೋಡಿಕೊಳ್ಳಿ. ಬಹಳ ಕಡೆ ತಮ್ಮ ಕಡತ ಕೇಳಿ ಪಡೆಯುವ ಹಕ್ಕು ಅವರಿಗಿದೆ.

ಅಸೈನ್‌ಮೆಂಟಿಗೆ ನೋಟ್ ಲಗತ್ತಿಸುವಾಗ ಹೆಸರು ಅಳಿಸಿದರಷ್ಟೇ ಸಾಲದು. ವಯಸ್ಸು, ಬೀದಿ, ಅಪರೂಪದ ಕಾಯಿಲೆ, ಮಕ್ಕಳ ಸಂಖ್ಯೆ ಒಟ್ಟಿಗಿದ್ದರೆ ಆಸುಪಾಸಿನವರು ಗುರುತು ಹಿಡಿಯುತ್ತಾರೆ. ಕಡತದ ಫೋಟೊ ಫೋನಿನಲ್ಲಿ ಇಟ್ಟುಕೊಳ್ಳುವುದು, ಸಹಪಾಠಿಗಳ ವಾಟ್ಸ್ಆಪ್ ಗುಂಪಿನಲ್ಲಿ ಪ್ರಕರಣ ಚರ್ಚಿಸುವುದು, ಭಾಷೆ ತಿದ್ದಿಸಲೆಂದು ನಿಜವಾದ ವಿವರಗಳನ್ನು ಎಐ ಚಾಟ್‌ಗೆ ಹಾಕುವುದು ಗೋಪ್ಯತೆಯ ಉಲ್ಲಂಘನೆಗಳೇ. ಇದರಿಂದ ಪ್ಲೇಸ್‌ಮೆಂಟ್, ಅಂದರೆ ಕೋರ್ಸಿನ ಭಾಗವಾಗಿ ಸಂಸ್ಥೆಯೊಂದರಲ್ಲಿ ಮಾಡುವ ಕೆಲಸದ ತರಬೇತಿ, ರದ್ದಾಗಬಹುದು.

ಪ್ಲೇಸ್‌ಮೆಂಟ್ ತಡವಾಗುವುದು ಹೆಚ್ಚಾಗಿ ಕಾಗದಪತ್ರದಿಂದ. ಪೊಲೀಸ್ ಪರಿಶೀಲನೆ, ಮಕ್ಕಳೊಂದಿಗೆ ಕೆಲಸ ಮಾಡುವ ಅನುಮತಿ, ಲಸಿಕೆಯ ದಾಖಲೆ, ಸಂಸ್ಥೆ ಮತ್ತು ಕಾಲೇಜಿನ ನಡುವಿನ ಒಪ್ಪಂದ, ವಿಮೆ ಇವೆಲ್ಲ ವಾರಗಟ್ಟಲೆ ತೆಗೆದುಕೊಳ್ಳುತ್ತವೆ. ತರಗತಿ ಶುರುವಾದ ತಿಂಗಳಲ್ಲೇ ಅರ್ಜಿ ಹಾಕಿ. ಸೇರಿದ ಮೇಲಿನ ಅಪಾಯ ಬೇರೆ: ಗಂಟೆಗಳು ತುಂಬುತ್ತವೆ, ಪುರಾವೆ ತುಂಬುವುದಿಲ್ಲ. ಜೆರಾಕ್ಸ್ ಮಾಡುತ್ತಾ, ಫೋನ್ ಎತ್ತುತ್ತಾ ಎರಡು ತಿಂಗಳು ಕಳೆದುಹೋಗುತ್ತದೆ. ಮೊದಲೇ ಹೇಳಿದ ಎರಡಂಕಣದ ಪಟ್ಟಿಯನ್ನು ಮೊದಲ ವಾರವೇ ಮೇಲ್ವಿಚಾರಕರ ಮುಂದಿಟ್ಟು, ಯಾವ ಭೇಟಿಗೆ ಜೊತೆಗೆ ಹೋಗಬಹುದು, ಯಾವ ಸಭೆಯಲ್ಲಿ ಕೂರಬಹುದು ಎಂದು ಕೇಳಿ. ಲಾಗ್‌ಬುಕ್ಕಿಗೆ ವಾರವಾರ ಸಹಿ ಹಾಕಿಸಿಕೊಳ್ಳಿ. ಮೇಲ್ವಿಚಾರಕರು ನಡುವೆ ಕೆಲಸ ಬಿಟ್ಟು ಹೋದರೆ ಸಹಿಯಿಲ್ಲದ ಗಂಟೆಗಳನ್ನು ಸಾಬೀತು ಮಾಡುವುದು ದೊಡ್ಡ ತಲೆನೋವು.

ಕ್ಲೈಂಟನ್ನು ಬೇರೆ ಸೇವೆಗೆ ಕಳಿಸಿಕೊಡುವ ರೆಫರಲ್ ಘಟಕದಲ್ಲಿ ಫೋನ್ ನಂಬರ್ ಬರೆದುಕೊಟ್ಟು ಕೆಲಸ ಮುಗಿಯಿತು ಎನ್ನುವವರೇ ಹೆಚ್ಚು. ಆ ಸೇವೆಗೆ ಇವರು ಅರ್ಹರೇ, ಕಾಯುವ ಪಟ್ಟಿ ಎಷ್ಟಿದೆ ಎಂದು ನೀವೇ ಮೊದಲು ವಿಚಾರಿಸಿ. ಯಾವ ಮಾಹಿತಿ, ಯಾರಿಗೆ, ಎಲ್ಲಿಯವರೆಗೆ ಎಂದು ನಮೂದಿಸಿ ಲಿಖಿತ ಸಮ್ಮತಿ ಪಡೆಯಿರಿ. ಸಾಧ್ಯವಾದರೆ ಮೊದಲ ಕರೆಯನ್ನು ಅವರ ಜೊತೆ ಕೂತೇ ಮಾಡಿ. ಒಂದು ವಾರದೊಳಗೆ ಹೋದರೇ ಎಂದು ಕೇಳಿ, ಉತ್ತರವನ್ನು ದಾಖಲಿಸಿ. ಹೋಗದಿದ್ದರೆ ಕಾರಣ ಬಹಳ ಸಲ ಬಸ್ ಚಾರ್ಜು, ಮಗು ನೋಡಿಕೊಳ್ಳುವವರಿಲ್ಲದಿರುವುದು ಇಂಥದ್ದೇ ಆಗಿರುತ್ತದೆ. ‘ಆಸಕ್ತಿಯಿಲ್ಲ’ ಎಂದು ಬರೆದು ಕಡತ ಮುಚ್ಚಬೇಡಿ.

ತಮ್ಮ ಕೆಲಸವನ್ನು ತಾವೇ ಹಿಂದಿರುಗಿ ನೋಡಿ ಬರೆಯುವ ಚಿಂತನಾ ದಿನಚರಿಗೆ ಗ್ರಹಾಂ ಗಿಬ್ಸ್ 1988ರಲ್ಲಿ ಕೊಟ್ಟ ಆರು ಹಂತಗಳ ಚಕ್ರವನ್ನು ಹಲವು ಕಡೆ ಬಳಸುತ್ತಾರೆ: ಏನಾಯಿತು, ಏನನ್ನಿಸಿತು, ಯಾವುದು ಸರಿ ಯಾವುದು ತಪ್ಪು, ಯಾಕೆ ಹಾಗಾಯಿತು, ಬೇರೇನು ಮಾಡಬಹುದಿತ್ತು, ಮುಂದಿನ ಸಲ ಏನು ಮಾಡುತ್ತೇನೆ. ವಾಪಸ್ ಬರುವ ದಿನಚರಿಗಳು ಸಾಮಾನ್ಯವಾಗಿ ಮೊದಲ ಎರಡರಲ್ಲೇ ನಿಂತಿರುತ್ತವೆ. ಐನೂರು ಪದವಿದ್ದರೆ ನಡೆದದ್ದಕ್ಕೆ ನೂರು ಸಾಕು, ಕನಿಷ್ಠ ಅರ್ಧ ಭಾಗ ಕೊನೆಯ ಮೂರು ಹಂತಕ್ಕೆ ಮೀಸಲಿಡಿ.

ಪ್ಲೇಸ್‌ಮೆಂಟ್ ಮುಗಿಯುವ ದಿನವನ್ನು ಕ್ಲೈಂಟ್‌ಗಳಿಗೆ ಎರಡು ಮೂರು ವಾರ ಮುಂಚೆಯೇ ಹೇಳಿ, ನಿಮ್ಮ ನಂತರ ಯಾರು ನೋಡಿಕೊಳ್ಳುತ್ತಾರೆ ಎಂಬುದನ್ನೂ ಪರಿಚಯಿಸಿ. ನಿಮ್ಮ ಸ್ವಂತ ಫೋನ್ ನಂಬರ್ ಕೊಡಬೇಡಿ. ಬಾಕಿ ನೋಟ್‌ಗಳನ್ನೆಲ್ಲ ಮುಗಿಸಿ, ಬೀಗದ ಕೈ, ಗುರುತಿನ ಚೀಟಿ ಹಿಂದಿರುಗಿಸಿ. ಸಹಿಯಾದ ಲಾಗ್‌ಬುಕ್ ಮತ್ತು ಘಟಕವಾರು ಫಲಿತಾಂಶದ ಪಟ್ಟಿಯ ಪ್ರತಿಗಳನ್ನು ನಿಮ್ಮ ಬಳಿ ಇಟ್ಟುಕೊಳ್ಳಿ. ಮುಂದೆ ಪದವಿಗೆ ಸೇರುವಾಗ ಕಲಿತ ಘಟಕಗಳಿಗೆ ವಿನಾಯಿತಿ ಕೇಳಲು ಪ್ರಮಾಣಪತ್ರದ ಜೊತೆಗೆ ಅವನ್ನೂ ಕೇಳುವುದುಂಟು.