ಡೆರೆಕ್ ಬೆಂಟ್ಲಿ ಪ್ರಕರಣ: ಗುಂಡು ಹಾರಿಸದವನಿಗೆ ಗಲ್ಲು ಹೇಗಾಯಿತು?

ಮೊದಲು ಘಟನೆ, ಚುಟುಕಾಗಿ. 1952ರ ನವೆಂಬರ್ 2, ಭಾನುವಾರ ರಾತ್ರಿ. ದಕ್ಷಿಣ ಲಂಡನ್ನಿನ ಕ್ರಾಯ್ಡನ್‌ನಲ್ಲಿ ಮಿಠಾಯಿ ಸಗಟು ಕಂಪನಿಯೊಂದರ ಗೋದಾಮಿಗೆ ಕನ್ನ ಹಾಕಲು ಇಬ್ಬರು ಗೇಟು ಹಾರಿ, ಪೈಪು ಹಿಡಿದು ಚಾವಣಿ ಹತ್ತಿದರು. ಕ್ರಿಸ್ಟೋಫರ್ ಕ್ರೇಗ್‌ಗೆ 16 ವರ್ಷ, ಡೆರೆಕ್ ಬೆಂಟ್ಲಿಗೆ 19. ಕ್ರೇಗ್ ಬಳಿ ನಳಿಗೆ ಕತ್ತರಿಸಿದ ರಿವಾಲ್ವರ್ ಇತ್ತು. ಬೆಂಟ್ಲಿ ಬಳಿ ಒಂದು ಚಾಕು, ಜೊತೆಗೆ ಕ್ರೇಗ್ ಕೊಟ್ಟಿದ್ದ ನಕಲ್‌ಡಸ್ಟರ್, ಅಂದರೆ ಬೆರಳಿಗೆ ತೊಟ್ಟು ಗುದ್ದುವ ಲೋಹದ ಆಯುಧ. ಡಿಟೆಕ್ಟಿವ್ ಫ್ರೆಡರಿಕ್ ಫೇರ್‌ಫ್ಯಾಕ್ಸ್ ಚಾವಣಿಗೆ ಬಂದು ಬೆಂಟ್ಲಿಯನ್ನು ಹಿಡಿದರು. ಆತ ಕೊಸರಿಕೊಂಡ. ಕ್ರೇಗ್ ಹಾರಿಸಿದ ಗುಂಡು ಫೇರ್‌ಫ್ಯಾಕ್ಸ್ ಭುಜಕ್ಕೆ ತಗುಲಿತು. ಗಾಯಗೊಂಡಿದ್ದರೂ ಅವರು ಬೆಂಟ್ಲಿಯನ್ನು ಮತ್ತೆ ಹಿಡಿದರು. ಸುಮಾರು ಕಾಲು ಗಂಟೆಯ ನಂತರ ಮೆಟ್ಟಿಲ ಬಾಗಿಲಿನಿಂದ ಚಾವಣಿಗೆ ಬಂದ ಕಾನ್‌ಸ್ಟೆಬಲ್ ಸಿಡ್ನಿ ಮೈಲ್ಸ್ ಗುಂಡೇಟಿಗೆ ಸತ್ತರು.

ಲಂಡನ್ನಿನ ಕೇಂದ್ರ ಕ್ರಿಮಿನಲ್ ನ್ಯಾಯಾಲಯವಾದ ಓಲ್ಡ್ ಬೇಲಿಯಲ್ಲಿ ಡಿಸೆಂಬರ್ 9ರಿಂದ 11ರವರೆಗೆ, ಮೂರೇ ದಿನ ವಿಚಾರಣೆ. ಜ್ಯೂರಿ, ಅಂದರೆ ತೀರ್ಪು ಹೇಳುವ ಸಾಮಾನ್ಯ ನಾಗರಿಕರ ಮಂಡಳಿ, 75 ನಿಮಿಷದಲ್ಲಿ ಇಬ್ಬರನ್ನೂ ಕೊಲೆ ಅಪರಾಧಿಗಳೆಂದಿತು, ಬೆಂಟ್ಲಿಗೆ ಮಾತ್ರ ದಯೆ ತೋರಿಸಬೇಕೆಂದು ಶಿಫಾರಸು ಮಾಡಿತು. 18 ತುಂಬದ ಕಾರಣ ಕ್ರೇಗ್‌ಗೆ ಗಲ್ಲು ಕೊಡುವಂತಿರಲಿಲ್ಲ. ಆತ 1963ರಲ್ಲಿ ಬಿಡುಗಡೆಯಾದ. ಗುಂಡು ಹಾರಿಸದ ಬೆಂಟ್ಲಿಯನ್ನು 1953ರ ಜನವರಿ 28ರಂದು ವಾಂಡ್ಸ್‌ವರ್ತ್ ಜೈಲಿನಲ್ಲಿ ನೇಣಿಗೇರಿಸಿದರು.

ವಿದ್ಯಾರ್ಥಿಗಳು ಎಡವುವ ಜಾಗ: ಬಂಧನದಲ್ಲಿದ್ದವನು ಕೊಲೆಗೆ ಹೊಣೆಯೇ?

ನಿಧಾನವಾಗಿ ಓದಬೇಕಾದ ಭಾಗ ಇದು. ಮೈಲ್ಸ್ ಸತ್ತಾಗ ಬೆಂಟ್ಲಿ ಪೊಲೀಸರ ವಶದಲ್ಲಿದ್ದ. ಹಾಗಿದ್ದೂ ಕೊಲೆ ಅವನ ತಲೆಗೆ ಬಂದದ್ದು ಹೇಗೆ?

ಉತ್ತರ ಜಂಟಿ ಕೃತ್ಯದ ತತ್ವದಲ್ಲಿದೆ. ಇಬ್ಬರು ಸೇರಿ ಒಂದು ಅಪರಾಧಕ್ಕೆ ಇಳಿದರೆ, ಒಬ್ಬನ ಕೈ ಮಾಡಿದ್ದಕ್ಕೆ ಇನ್ನೊಬ್ಬನೂ ಹೊಣೆಯಾಗಬಹುದು. ಆದರೆ ಕಳ್ಳತನಕ್ಕೆ ಒಪ್ಪಿದ ಮಾತ್ರಕ್ಕೆ ಕೊಲೆಗೂ ಒಪ್ಪಿದಂತಾಗುವುದಿಲ್ಲ. ನಡುವೆ ಮೂರು ಪ್ರಶ್ನೆಗಳನ್ನು ದಾಟಬೇಕು. ಕ್ರೇಗ್ ಬಳಿ ಬಂದೂಕು ಇರುವುದು ಬೆಂಟ್ಲಿಗೆ ಗೊತ್ತಿತ್ತೇ? ಗೊತ್ತಿದ್ದರೆ, ಸಿಕ್ಕಿಬೀಳುವ ಹೊತ್ತಿಗೆ ಹಿಂಸೆ ಬಳಸಿಯಾದರೂ ತಪ್ಪಿಸಿಕೊಳ್ಳುವುದು ಇಬ್ಬರ ಉದ್ದೇಶವಾಗಿತ್ತೇ? ಹೌದು ಎಂದೇ ಇಟ್ಟುಕೊಳ್ಳಿ, ಮೈಲ್ಸ್ ಸಾಯುವ ಗಳಿಗೆಯಲ್ಲೂ ಆ ಜಂಟಿ ಉದ್ದೇಶ ಜೀವಂತವಿತ್ತೇ?

ಮೊದಲೆರಡರ ಬಗ್ಗೆ ಎಲ್ಲರೂ ಬರೆಯುತ್ತಾರೆ. ನನ್ನನ್ನು ಬಹಳ ಕಾಡಿದ್ದು ಮೂರನೆಯದು. ಎರಡನೇ ಬಾರಿ ಹಿಡಿದ ಮೇಲೆ ಬೆಂಟ್ಲಿ ಓಡಲಿಲ್ಲ, ಯಾರ ಮೇಲೂ ಕೈ ಎತ್ತಲಿಲ್ಲ. ಫೇರ್‌ಫ್ಯಾಕ್ಸ್ ಗಾಯಾಳು, ಕತ್ತಲು, ಕ್ರೇಗ್ ಇನ್ನೂ ಗುಂಡು ಹಾರಿಸುತ್ತಿದ್ದಾನೆ. ತಪ್ಪಿಸಿಕೊಳ್ಳುವ ಮನಸ್ಸಿದ್ದವನಿಗೆ ಅದಕ್ಕಿಂತ ಒಳ್ಳೆಯ ಸಂದರ್ಭ ಸಿಗುತ್ತಿತ್ತೇ? ಬಂಧನವಾದ ಕೂಡಲೇ ಹೊಣೆ ತಾನಾಗಿ ಕಳಚಿಬೀಳುತ್ತದೆ ಎಂದು ನಾನು ವಾದಿಸುತ್ತಿಲ್ಲ. ಹಿಡಿದಿಟ್ಟವನೂ ಕೂಗಿ ಹುರಿದುಂಬಿಸಬಹುದು. ಆದ್ದರಿಂದಲೇ ಆ ಕಾಲು ಗಂಟೆಯಲ್ಲಿ ಅವನು ಏನು ಮಾಡಿದ, ಏನು ಮಾಡಲಿಲ್ಲ ಎಂಬುದನ್ನು ಜ್ಯೂರಿ ಬೇರೆಯಾಗಿಯೇ ತೂಗಬೇಕಿತ್ತು. ಪ್ರಾಸಿಕ್ಯೂಷನ್, ಅಂದರೆ ಆರೋಪ ಹೊರಿಸಿದ ಸರ್ಕಾರಿ ಪಕ್ಷ, ಅವನನ್ನು ಬರೀ ತಾಂತ್ರಿಕವಾಗಿ ಬಂಧನದಲ್ಲಿದ್ದವನು ಎಂದು ಬಣ್ಣಿಸಿ ಈ ಕಾಲು ಗಂಟೆಯನ್ನು ದಾಟಿಬಿಟ್ಟಿತು.

‘ಅವನಿಗೆ ಕೊಡು, ಕ್ರಿಸ್’ (Let him have it, Chris) ಎಂದು ಬೆಂಟ್ಲಿ ಕೂಗಿದ ಎಂಬುದು ಪೊಲೀಸರ ಸಾಕ್ಷ್ಯ. ಹಾಗಂದರೆ ಗುಂಡು ಹಾರಿಸು ಎಂದೋ ಬಂದೂಕು ಕೊಟ್ಟುಬಿಡು ಎಂದೋ ಎಂಬ ಚರ್ಚೆಗೆ ಹೋಗಬೇಡಿ. ಆ ಮಾತು ಆಡಿಯೇ ಇಲ್ಲ ಎಂಬುದು ಕ್ರೇಗ್ ಮತ್ತು ಬೆಂಟ್ಲಿ ಇಬ್ಬರ ನಿಲುವಾಗಿತ್ತು. ಆಡಿದ್ದನೆಂದೇ ಒಪ್ಪಿದರೂ ಅದು ಮೊದಲ ಗುಂಡಿಗೆ ಮುಂಚಿನದು. ಮೂರನೇ ಪ್ರಶ್ನೆ ಹಾಗೇ ಉಳಿಯುತ್ತದೆ.

ಹೇಳಿಕೆಯ ಒಂದು ಸಾಲು

ಬೆಂಟ್ಲಿಗೆ ಓದು ಬರಹ ಬರುತ್ತಿರಲಿಲ್ಲ. ಬುದ್ಧಿಮಟ್ಟ ಅಳೆಯುವ ಐಕ್ಯೂ ಪರೀಕ್ಷೆಯಲ್ಲಿ ಬಂದದ್ದು 77, ಅಂದರೆ ಸರಾಸರಿಗಿಂತ ಬಹಳ ಕಡಿಮೆ. ಅವನ ಹೇಳಿಕೆಯನ್ನು ಪೊಲೀಸರು ಬರೆದುಕೊಂಡರು; ತಾವು ಪ್ರಶ್ನೆ ಕೇಳಲೇ ಇಲ್ಲ, ಅವನೇ ಹೇಳಿ ಬರೆಸಿದ ಎಂದು ನ್ಯಾಯಾಲಯದಲ್ಲಿ ಪ್ರಮಾಣ ಮಾಡಿ ಹೇಳಿದರು. ಈಗ ಅದರೊಳಗಿನ ಸಾಲೊಂದನ್ನು ನೋಡಿ: ‘ಅಲ್ಲಿಯವರೆಗೆ ಕ್ರಿಸ್ ಏನೂ ಹೇಳಿರಲಿಲ್ಲ.’ ಕಥೆ ಹೇಳುವವನು ನಡೆದದ್ದನ್ನು ಹೇಳುತ್ತಾನೆ. ನಡೆಯದೇ ಇದ್ದದ್ದನ್ನು ಯಾರಾದರೂ ಕೇಳಿದರೆ ಮಾತ್ರ ಹೇಳುತ್ತಾನೆ. ‘ಅಷ್ಟರಲ್ಲಿ ಕ್ರಿಸ್ ಏನಾದರೂ ಹೇಳಿದನಾ?’ ಎಂಬ ಪ್ರಶ್ನೆ ಆ ಸಾಲಿನ ಹಿಂದೆ ಎದ್ದು ಕಾಣುತ್ತದೆ. ಭಾಷಾವಿಜ್ಞಾನಿ ಮಾಲ್ಕಮ್ ಕೂಲ್ಥಾರ್ಡ್ ಇಂಥ ಗುರುತುಗಳನ್ನು ಹಿಡಿದೇ ಆ ಹೇಳಿಕೆಯನ್ನು ವಿಶ್ಲೇಷಿಸಿದರು.

ಇದು ಬರೀ ಶೈಲಿಯ ವಿಚಾರವಲ್ಲ. ಇನ್ನೂ ಗುಂಡಿನ ಪ್ರಸ್ತಾಪವೇ ಬರದ ಕಡೆ ‘ಅವನು ಆ ಬಂದೂಕು ಬಳಸುತ್ತಾನೆಂದು ನನಗೆ ಗೊತ್ತಿರಲಿಲ್ಲ’ ಎಂಬ ಸಾಲಿದೆ. ಹಾಗಾದರೆ ಬಂದೂಕು ಇರುವುದಂತೂ ಮೊದಲೇ ಗೊತ್ತಿತ್ತು ಎಂದಾಯಿತಲ್ಲ! ಆ ಸಾಲು ಅವನ ವಿರುದ್ಧವೇ ತಿರುಗಿತು. ಅದು ಯಾವುದೋ ಪ್ರಶ್ನೆಗೆ ಕೊಟ್ಟ ಉತ್ತರವಾಗಿದ್ದರೆ, ಬಂದೂಕಿನ ಮಾತು ತೆಗೆದದ್ದು ಪೊಲೀಸರು. ಮೇಲಿನ ಮೊದಲ ಪ್ರಶ್ನೆಯ ಅಡಿಪಾಯವೇ ಅಲ್ಲಾಡುತ್ತದೆ.

ನ್ಯಾಯಾಧೀಶರ ಕೊನೆಯ ಮಾತು

ಜ್ಯೂರಿ ಒಳಗೆ ಹೋಗುವ ಮುನ್ನ ನ್ಯಾಯಾಧೀಶರು ಕಾನೂನು ಮತ್ತು ಸಾಕ್ಷ್ಯವನ್ನು ವಿವರಿಸುತ್ತಾರೆ. ಈ ವಿಚಾರಣೆ ನಡೆಸಿದ ಲಾರ್ಡ್ ಚೀಫ್ ಜಸ್ಟಿಸ್ (ಇಂಗ್ಲೆಂಡಿನ ಮುಖ್ಯ ನ್ಯಾಯಮೂರ್ತಿ) ಗೊಡ್ಡಾರ್ಡ್ ನಕಲ್‌ಡಸ್ಟರನ್ನು ಎತ್ತಿ ತೋರಿಸಿ, ಇದಕ್ಕಿಂತ ಭೀಕರ ಆಯುಧ ಎಂದಾದರೂ ಕಂಡಿದ್ದೀರಾ ಎಂದು ಕೇಳಿದರು. ಆ ರಾತ್ರಿ ಅದರಿಂದ ಯಾರಿಗೂ ಏಟು ಬಿದ್ದಿರಲಿಲ್ಲ. ಅಷ್ಟು ಧೈರ್ಯ ತೋರಿದ ಪೊಲೀಸರನ್ನು ಸುಳ್ಳುಗಾರರು ಎನ್ನುತ್ತೀರಾ ಎಂದೂ ಕೇಳಿದರು. ಪೊಲೀಸರು ನಿಜಕ್ಕೂ ಧೈರ್ಯವಂತರೇ. ಆದರೆ ಗುಂಡಿಗೆದುರು ನಿಂತ ಎದೆಗಾರಿಕೆಗೂ ಗದ್ದಲದ ನಡುವೆ ಕಿವಿಗೆ ಬಿದ್ದ ಮಾತಿನ ನಿಖರತೆಗೂ ಏನು ಸಂಬಂಧ? ರುಜುವಾತಿನ ಭಾರ ಪ್ರಾಸಿಕ್ಯೂಷನ್ ಮೇಲಿದೆ, ಸಂದೇಹದ ಲಾಭ ಆರೋಪಿಗೆ ಎಂಬುದನ್ನು ಮಾತ್ರ ಸರಿಯಾಗಿ ತಿಳಿಸಲಿಲ್ಲ. ಇಡೀ ಪ್ರಕರಣದಲ್ಲಿ ನನಗೆ ಅತ್ಯಂತ ಘೋರವೆನಿಸುವುದು ಇದೇ.

ಕ್ಷಮಾದಾನ ಬೇರೆ, ತೀರ್ಪು ರದ್ದು ಬೇರೆ

ತಂದೆ ವಿಲಿಯಂ, ಅಕ್ಕ ಐರಿಸ್ ದಶಕಗಟ್ಟಲೆ ಹೋರಾಡಿದರು. 1993ರಲ್ಲಿ ಸಿಕ್ಕಿದ್ದು ಶಿಕ್ಷೆಗೆ ಮಾತ್ರ ಸೀಮಿತವಾದ ಕ್ಷಮೆ: ಗಲ್ಲು ಆಗಬಾರದಿತ್ತು, ಕೊಲೆಯ ತೀರ್ಪು ಮಾತ್ರ ಹಾಗೇ ಇರಲಿ. ತೀರ್ಪೇ ರದ್ದಾದದ್ದು 1998ರ ಜುಲೈ 30ರಂದು, ಲಾರ್ಡ್ ಬಿಂಗಮ್ ನೇತೃತ್ವದ ಮೇಲ್ಮನವಿ ನ್ಯಾಯಾಲಯದಲ್ಲಿ.

ಇಲ್ಲೊಂದು ಸೂಕ್ಷ್ಮ ಗಮನಿಸಿ. ಕೊಲೆ ಎಂದರೇನು ಎಂಬುದಕ್ಕೆ ಆ ನ್ಯಾಯಾಲಯ 1952ರ ಕಾನೂನನ್ನೇ ಇಟ್ಟುಕೊಂಡಿತು, ವಿಚಾರಣೆ ನ್ಯಾಯಯುತವಾಗಿತ್ತೇ ಎಂಬುದಕ್ಕೆ ಇಂದಿನ ಮಾನದಂಡ ಹಿಡಿಯಿತು. ಬೆಂಟ್ಲಿ ನಿರಪರಾಧಿ ಎಂದು ಅದು ಸಾರಲಿಲ್ಲ. ಜ್ಯೂರಿಗೆ ಗೊಡ್ಡಾರ್ಡ್ ಕೊಟ್ಟ ಆ ಕೊನೆಯ ವಿವರಣೆಯಿಂದಾಗಿ ಅವನಿಗೆ ನ್ಯಾಯಯುತ ವಿಚಾರಣೆ ಸಿಗಲಿಲ್ಲ, ಹೀಗಾಗಿ ತೀರ್ಪು ನಿಲ್ಲುವುದಿಲ್ಲ ಎಂದಿತು. ಪರೀಕ್ಷೆಯಲ್ಲಿ ‘1998ರಲ್ಲಿ ಬೆಂಟ್ಲಿ ನಿರಪರಾಧಿ ಎಂದು ಸಾಬೀತಾಯಿತು’ ಎಂದು ಬರೆಯಬೇಡಿ. ‘ತೀರ್ಪು ಸುರಕ್ಷಿತವಲ್ಲವೆಂದು (ಅಂದರೆ ನೆಚ್ಚುವಂತಿಲ್ಲವೆಂದು) ರದ್ದಾಯಿತು’ ಎಂದು ಬರೆದು, ಕಾರಣಗಳಲ್ಲಿ ರುಜುವಾತಿನ ಭಾರವನ್ನು ಮೊದಲು ಹಾಕಿ.